ತೆಪ್ಪದ ಸರದಿ ಮತ್ತು ನಾನು ಬರೆಯದ ಸಾಲು

ಧರ್ಮಪುರಿಯ ಪಾಲಿಟೆಕ್ನಿಕ್ಕಿನಲ್ಲಿ ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತಿದ್ದಷ್ಟು ಕಾಲ, ಪ್ರೋಗ್ರಾಮಿನ ಕ್ಲಾಸಿಗೆ ಆವೃತ್ತಿ ಸಂಖ್ಯೆಯ ಸಾಲು ಬರೆಯದವರ ರೆಕಾರ್ಡ್ ಪುಸ್ತಕಕ್ಕೆ ನಾನು ಸಹಿ ಹಾಕಲಿಲ್ಲ. ಅಂಥ ಸೋಮಾರಿತನ ಕಂಡರೆ ನನಗೆ ಹೇಸಿಗೆ. ಅಲ್ಲೇ ಓದುತ್ತಿದ್ದ ತಮ್ಮನ ಮಗಳ ರೆಕಾರ್ಡನ್ನೂ ಹಿಂದಕ್ಕೆ ತಳ್ಳಿದ್ದೆ.

ಈಗ ಅವಳು ಹೊಗೆನಕಲ್ಲಿನಲ್ಲಿ ತೆಪ್ಪದ ಚೀಟಿ ಕೊಡುತ್ತಾಳೆ. ಅಲ್ಲಿಯ ಸರದಿ ನೋಡಿಕೊಳ್ಳುವ ಪ್ರೋಗ್ರಾಮ್ ನಾನು ಬರೆದದ್ದು. ಅದರಲ್ಲಿ ಒಬ್ಬೊಬ್ಬ ತೆಪ್ಪದವನೂ ಕ್ಲಾಸ್ ಎಂಬ ಅಚ್ಚಿನಿಂದ ತೆಗೆದ ಒಂದೊಂದು ಆಬ್ಜೆಕ್ಟ್. ಕಂಪ್ಯೂಟರ್ ಆಫ್ ಮಾಡಿದರೆ ಅವು ಅಳಿದುಹೋಗುತ್ತವೆ. ಹಾಗಾಗಿ ಒಳಗಿನ ವಿವರಗಳನ್ನು ಬೈಟುಗಳ ಸಾಲಾಗಿಸಿ ಫೈಲಿಗೆ ಇಳಿಸಬೇಕು. ಸೀರಿಯಲೈಸ್ ಮಾಡುವುದೆಂದರೆ ಇಷ್ಟೇ.

ನೀರು ಹೆಚ್ಚಿ ತೆಪ್ಪ ನಿಂತರೆ, ಅಂದು ಯಾರ ಸರದಿ ಬಾಕಿಯಿತ್ತೋ ನದಿ ತೆರೆದ ದಿನ ಅವರೇ ಮೊದಲು ಇಳಿಯಬೇಕು. ಅದು ಅಲ್ಲಿಯ ಕಟ್ಟುಪಾಡು. ಈ ಸಲ ಹದಿನೇಳು ದಿನ ಕಾದಿದ್ದವನು ಒಬ್ಬ ಮುದುಕ. ಸರದಿ ಹಿಂದೆ ಬಿದ್ದರೆ ಆ ದಿನ ಅವನ ತೆಪ್ಪ ನೀರು ಕಾಣುವುದಿಲ್ಲ.

ತೆರೆದ ಬೆಳಿಗ್ಗೆ ನಾನು ಹೋದಾಗ ಚೀಟಿ ಕಟ್ಟೆಯಲ್ಲಿ ಗದ್ದಲ.

"ದೊಡ್ಡಪ್ಪ, ಫೈಲು ಓಪನ್ ಆಗ್ತಿಲ್ಲ. ಅಳಿಸ್ಬಿಟ್ಟು, ಬಂದೋರ್ ಬಂದಂಗೆ ಒಸ ಲಿಸ್ಟ್ ಆಕ್ಲಾ?"

"ಏನು ಮುಟ್ಟಿದೆ?"

"ಕ್ಲಾಸಲ್ಲಿ ಫೋನ್ ನಂಬರ್‌ಗೆ ಒಂದ್ ಜಾಗ ಸೇರಿಸ್ದೆ, ಅಷ್ಟೇ."

ಕೀಬೋರ್ಡಿನ ಮೇಲೆಲ್ಲ ಮೀನು ಹುರಿದ ಎಣ್ಣೆಯ ಬೆರಳಚ್ಚು. ಥೂ!

ಕಿಟಕಿಯಲ್ಲಿ ಮುದುಕ ತಲೆ ತೂರಿಸಿ ಕಂಪ್ಯೂಟರಿನ ಪೆಟ್ಟಿಗೆಯತ್ತ ಕೈ ತೋರಿಸಿದ. "ಏನ್ ಸಾರ್, ನಿಮ್ ಪೊಟ್ಟಿ ನನ್ನ ನುಂಗ್ಬಿಡ್ತಾ? ಮೊದಲ್ನೇದು ನಂದೈತೆ!"

"ನೀನ್ ಪೊಟ್ಟಿ ಒಳ್ಗೇ ಇರು ತಾತಾ, ನಾವ್ ಓಯ್ತೀವಿ," ಎಂದು ಹಿಂದಿನವನೊಬ್ಬ ನಕ್ಕ.

ಬೈಯಲು ಬಾಯಿ ತೆರೆದವನು ಮೊದಲು ಪ್ರೋಗ್ರಾಮಿನ ಕ್ಲಾಸ್ ತೆರೆದು ನೋಡಿದೆ. ಆವೃತ್ತಿ ಸಂಖ್ಯೆಯನ್ನು ನಾವು ಬರೆಯದಿದ್ದರೆ, ಕ್ಲಾಸಿನಲ್ಲಿ ಏನೇನಿದೆ ಎಂದು ನೋಡಿ ಜಾವಾ ತಾನೇ ಒಂದನ್ನು ಲೆಕ್ಕ ಹಾಕಿ ಫೈಲಿನಲ್ಲಿ ಸೇರಿಸುತ್ತದೆ. ಒಂದು ಜಾಗ ಹೆಚ್ಚಾದರೂ ಆ ಸಂಖ್ಯೆ ಬದಲಾಗುತ್ತದೆ. ಹಳೆಯ ಫೈಲನ್ನು ಹೊಸ ಕ್ಲಾಸ್ ಓದಲು ಒಪ್ಪುವುದಿಲ್ಲ. ಆವೃತ್ತಿ ಸಂಖ್ಯೆಯ ಸಾಲು ಅಲ್ಲಿರಲಿಲ್ಲ. ಬರೆಯದವನು ನಾನೇ. ಎಣ್ಣೆಯ ಬೆರಳಚ್ಚಿಗಿಂತ ಹೆಚ್ಚು ಹೇಸಿಗೆ ನನ್ನ ಮೇಲೇ ಹುಟ್ಟಿತು.

ದೋಷದ ಸಂದೇಶದಲ್ಲಿ ಹಳೆಯ ಸಂಖ್ಯೆ ಕಾಣುತ್ತಿತ್ತು. ಅದನ್ನೇ ಹೊಸ ಕ್ಲಾಸಿಗೆ ಬರೆದು, ಮತ್ತೆ ಕಂಪೈಲ್ ಮಾಡಿದೆ. ಪಟ್ಟಿ ತೆರೆಯಿತು. ಫೋನ್ ನಂಬರಿನ ಜಾಗಗಳೆಲ್ಲ ಖಾಲಿ. ಎಲ್ಲಕ್ಕಿಂತ ಮೇಲೆ ಮುದುಕನ ಹೆಸರು.

"ನಿಮ್ ರೆಕಾರ್ಡ್‌ಗೆ ಸೈನ್ ಆಕ್ಲಾ, ಬ್ಯಾಡ್ವಾ ದೊಡ್ಡಪ್ಪ?" ಎಂದಳು.

"ಹಾಕಬೇಡ," ಎಂದೆ.

ಮುದುಕ ಆಗಲೇ ಬುಟ್ಟಿಯಂಥ ತನ್ನ ತೆಪ್ಪವನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನೀರಿನತ್ತ ಇಳಿಯುತ್ತಿದ್ದ.