ನೀರು ಕೇಳಿ ಬಂದವನಿಗೆ ನಾನು ಹೇಳಿದ ಮಾತು

ನಮ್ಮ ಮೊಮ್ಮಗಳು ಪೊಲೀಸಾದಳು. ಮೈಸೂರು ನಗರದ ಪೊಲೀಸ್ ಕೆಲಸಕ್ಕೆ ಅವಳನ್ನು ತೆಗೆದುಕೊಂಡಿದ್ದೇವೆ ಅಂತ ಆರ್ಡರ್ ರಿಜಿಸ್ಟರ್ ಪೋಸ್ಟಿನಲ್ಲಿ ಶಿಕಾರಿಪುರದ ನಮ್ಮ ಮನೆಗೆ ಬಂತು. ಮೊಮ್ಮಗಳು ಬಚ್ಚಲಲ್ಲಿದ್ದಳು, ನಾನೇ ಸಹಿ ಹಾಕಿ ಇಸಿದುಕೊಂಡೆ. ಕೈಯಲ್ಲಿ ಜೋಳದ ಹಿಟ್ಟು ಇತ್ತು, ಪೋಸ್ಟಿನವರ ಪುಸ್ತಕಕ್ಕೂ ಮೆತ್ತಿತು. ಅವರು ನಕ್ಕರು. ಆಮೇಲೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೇಳಿ ಬಂದೆ. ತರಕಾರಿ ಗಾಡಿಯವನಿಗೂ ಹೇಳಿದೆ. ಅವನು ಯಾವ ಊರವನೋ, ನನ್ನನ್ನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ. ಒಳ್ಳೆಯದಾಯಿತು ಬಿಡ್ರಿ ಅಮ್ಮ ಅಂತ ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಕೊಟ್ಟ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ರೂಢಿಯಿಲ್ಲ. ಆದರೆ ಈ ಕೆಲಸ ನನ್ನ ಬಾಯಿಂದಲೇ ತಪ್ಪಿ ಹೋಗುವುದರಲ್ಲಿತ್ತು. ಅದನ್ನು ಬರೆದಿಡದೆ ಸಂತೋಷವನ್ನಷ್ಟೇ ಬರೆದರೆ ಅದು ಪೂರ್ತಿ ಆಗುವುದಿಲ್ಲ.

ಅವಳು ನನ್ನ ಮಗಳ ಮಗಳು. ಮಗಳನ್ನು ಸೊರಬದ ಕಡೆ ಉಳವಿಗೆ ಕೊಟ್ಟಿದ್ದೇವೆ. ಮೊಮ್ಮಗಳು ಎಸ್ಸೆಸ್ಸೆಲ್ಸಿ ಆದಮೇಲೆ ಕಾಲೇಜಿಗೆಂದು ನಮ್ಮ ಹತ್ತಿರ ಬಂದಳು. ನಮ್ಮ ಯಜಮಾನರದು ಸೈಕಲ್ ರಿಪೇರಿ ಅಂಗಡಿ. ಅಲ್ಲಿಗೆ ದಿನಾ ಪೇಪರು ಬರುತ್ತದೆ, ಓದುವವರು ಪಂಕ್ಚರ್ ಹಾಕಿಸಲು ಕೂತವರು. ಒಂದು ದಿನ ಆ ಪೇಪರಿನಲ್ಲಿ ಹೆಣ್ಣುಮಕ್ಕಳನ್ನೂ ಪೊಲೀಸಿಗೆ ಕರೆದಿದ್ದಾರೆ ಅಂತ ಇತ್ತು. ಇವಳು ಕತ್ತರಿಸಿಕೊಂಡು ಬಂದಳು. ಅರ್ಜಿಯಲ್ಲಿ ಸ್ವಂತ ಊರಿನ ವಿಳಾಸ ಅಂತ ಉಳವಿಯದು ಬರೆದಳು, ಈಗ ಇರುವ ವಿಳಾಸ ಅಂತ ನಮ್ಮದು ಬರೆದಳು.

ಅಳಿಯಂದಿರಿಗೆ ಇದು ಸರಿಬರಲಿಲ್ಲ. ಒಳ್ಳೆಯವರು, ಕೂಗಾಡುವವರಲ್ಲ. ಆನವಟ್ಟಿಯಲ್ಲಿ ಬಟ್ಟೆ ಅಂಗಡಿಯವರ ಮನೆಯಿಂದ ಇವಳನ್ನು ಕೇಳಿದ್ದರು. ಹುಡುಗನೂ ಕೆಟ್ಟವನೇನಲ್ಲ. ಅಳಿಯಂದಿರು ಬಂದು ಜಗಲಿಯ ಮೇಲೆ ಕೂತು, ದೀಪಾವಳಿಯವರೆಗೆ ನೋಡುತ್ತೇನೆ, ಅಷ್ಟರೊಳಗೆ ಆರ್ಡರ್ ಬಂದರೆ ಸರಿ, ಬರದಿದ್ದರೆ ಆನವಟ್ಟಿಯವರಿಗೆ ಮಾತು ಕೊಡುವವನೇ ಅಂದರು. ಮೊಮ್ಮಗಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ?

ಅವತ್ತಿನಿಂದ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಬೆಳಕು ಹರಿಯುವ ಮುಂಚೆ ಅವಳು ಕೆರೆ ಏರಿಯ ಮೇಲೆ ಓಡುವುದು, ನಾನು ಯಜಮಾನರ ಗಡಿಯಾರ ಹಿಡಿದು ಕೂರುವುದು. ನನಗೆ ಸೆಕೆಂಡಿನ ಲೆಕ್ಕ ತಿಳಿಯದು. ಓಡುವ ಮುಳ್ಳು ಎಷ್ಟು ಸುತ್ತು ಬಂತು ಅಂತ, ಹಾಲಿನ ಲೆಕ್ಕಕ್ಕೆ ಗೋಡೆಗೆ ಗೀಟು ಹಾಕಿದ ಹಾಗೆ ನೆಲದಲ್ಲಿ ಗೀಟು ಹಾಕುತ್ತಿದ್ದೆ. ಓಟದ ಜೊತೆ ಗುಂಡು ಎಸೆಯುವ ಪರೀಕ್ಷೆಯೂ ಇತ್ತು, ಗುಂಡು ಎಲ್ಲಿಂದ ತರುವುದು? ಹಿತ್ತಲಿಗೆ ರುಬ್ಬುಗುಂಡನ್ನು ಎತ್ತಿಕೊಂಡು ಹೋದಳು. ಬಾಳೆಗಿಡದ ಬುಡದವರೆಗೆ ಗುಂಡಿ ಬಿದ್ದವು. ಯಜಮಾನರು ಮೂರು ದಿನ ಚಟ್ನಿಯಲ್ಲಿ ಮಣ್ಣು ಕಡಿದು ನಾಲ್ಕನೇ ದಿನ, ಇವಳು ಪಾಸಾದರೆ ಸಾಕು, ನನ್ನ ಹಲ್ಲು ಹೋದರೂ ಪರವಾಗಿಲ್ಲ ಅಂದರು.

ಮೈಸೂರಿಗೆ ಅವಳ ಜೊತೆ ನಾನೇ ಹೋದೆ. ಮೈದಾನದ ಗೇಟಿನ ಹೊರಗೆ ನನ್ನ ಹಾಗೆ ಎಷ್ಟೋ ತಾಯಂದಿರು ಬುತ್ತಿ ಇಟ್ಟುಕೊಂಡು ಕೂತಿದ್ದರು. ನಮ್ಮವಳ ಎತ್ತರ ಗೆರೆಗೆ ಗೆರೆ ಇತ್ತು. ನಾನು ಬುದ್ಧಿ ಉಪಯೋಗಿಸಿ ನೆತ್ತಿಯ ಮೇಲೆ ತುರುಬು ಕಟ್ಟಿ ಕಳಿಸಿದ್ದೆ. ಒಳಗೆ ಅಳೆಯುವ ಮೇಡಂ, ಮೊದಲು ಕೂದಲು ಬಿಚ್ಚಮ್ಮ, ನಿನ್ನಂಥವರನ್ನ ಬೆಳಗ್ಗಿಂದ ನೂರು ಜನರನ್ನ ನೋಡಿದೀನಿ ಅಂದರಂತೆ. ಬಿಚ್ಚಿದ ಮೇಲೂ ಸಾಲುವಷ್ಟು ಇದ್ದಳು, ನಮ್ಮ ಪುಣ್ಯ. ಓಟದಲ್ಲಿ ಗೆದ್ದಳು, ಗುಂಡಿನಲ್ಲೂ ಗೆದ್ದಳು. ಆಮೇಲೆ ಬರೆಯುವ ಪರೀಕ್ಷೆ, ಆಮೇಲೆ ಡಾಕ್ಟರು ನೋಡುವುದು. ಶ್ರಾವಣ ಮುಗಿಯುವ ಹೊತ್ತಿಗೆ ಅವಳ ನಂಬರು ಲಿಸ್ಟಿನಲ್ಲಿ ಬಂತು. ಇನ್ನೇನಿದೆ ಅಂದೆ. ಪೊಲೀಸ್ ವಿಚಾರಣೆ ಒಂದು ಬಾಕಿ ಅಜ್ಜಿ, ನಡತೆ ಹೆಂಗೈತಿ ಅಂತ ಕೇಳ್ತಾರೆ ಅಂದಳು. ಅದೂ ಮೈಸೂರಿನಲ್ಲೇ ಆಗುತ್ತದೆ ಅಂದುಕೊಂಡೆ. ಕೇಳಬೇಕಿತ್ತು, ಕೇಳಲಿಲ್ಲ.

ನಮ್ಮ ಕಡೆ ಹೆಣ್ಣು ನೋಡುವುದಕ್ಕೆ ಮುಂಚೆ ಒಂದು ಪದ್ಧತಿ ಇದೆ. ಗಂಡಿನವರು ನೇರ ಬರುವುದಿಲ್ಲ. ಊರಿಗೆ ಪರಿಚಯವಿಲ್ಲದ ಒಬ್ಬರನ್ನು ಕಳಿಸುತ್ತಾರೆ. ಅವರು ಮೂಲೆ ಅಂಗಡಿಯಲ್ಲಿ ಕೇಳುತ್ತಾರೆ, ನೆರೆಮನೆಯಲ್ಲಿ ಕೇಳುತ್ತಾರೆ, ಕಡೆಗೆ ಹೆಣ್ಣಿನ ಮನೆಗೇ ಬಂದು ಕುಡಿಯಲು ನೀರು ಕೇಳುತ್ತಾರೆ. ತಂಬಿಗೆ ಬೆಳಗಿದೆಯೋ, ಮನೆಯವರ ಮಾತು ಹೇಗೆ, ಎಲ್ಲ ಅಷ್ಟರಲ್ಲಿ ನೋಡಿಕೊಂಡು ಹೋಗುತ್ತಾರೆ. ನನ್ನ ಮಗಳನ್ನು ಕೊಡುವಾಗ ನಾವೂ ಹಾಗೇ ಮಾಡಿದ್ದೆವು. ನಮ್ಮಣ್ಣ ಭತ್ತ ಕೊಳ್ಳುವ ನೆಪ ಮಾಡಿಕೊಂಡು ಉಳವಿಗೆ ಹೋಗಿ ಎರಡು ತಂಬಿಗೆ ನೀರು ಕುಡಿದು ಬಂದಿದ್ದ. ಬಂದವರು ಯಾತಕ್ಕೆ ಬಂದಿದ್ದಾರೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ ಅದು ಮರ್ಯಾದೆಯಲ್ಲ.

ಮಹಾನವಮಿ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬರು ಬಂದರು. ಇಸ್ತ್ರಿ ಮಾಡಿದ ಬಿಳಿ ಷರಟು, ಕಂಕುಳಲ್ಲಿ ರೆಗ್ಜಿನ್ ಬ್ಯಾಗು. ನಾನು ರೊಟ್ಟಿ ಬಡಿಯುತ್ತಿದ್ದೆ. ಮೊಮ್ಮಗಳು ಕಾಲೇಜಿಗೆ ಹೋಗಿದ್ದಳು. ಅವರು ಮೊದಲು ಪಕ್ಕದ ಟೇಲರ್ ಸಾಬರ ಕಟ್ಟೆಯಲ್ಲಿ ಕೂತು ಬಹಳ ಹೊತ್ತು ಮಾತಾಡಿದ್ದು ಕಿಟಕಿಯಿಂದ ಕಂಡಿತ್ತು. ಆಮೇಲೆ ನಮ್ಮ ಬಾಗಿಲಿಗೆ ಬಂದು, “ಅಜ್ಜಿ, ಒಂದ್ ಲೋಟ ನೀರು ಕೊಡ್ತೀರಾ?” ಅಂದರು.

ಆನವಟ್ಟಿಯವರು ದೀಪಾವಳಿ ಕಾಯದೆ ಕಳಿಸಿಯೇಬಿಟ್ಟರು ಅಂದುಕೊಂಡೆ. ಇವರು ಹೋಗಿ ಹೆಣ್ಣು ಚೆನ್ನಾಗಿದೆ, ಮನೆ ಚೆನ್ನಾಗಿದೆ ಅಂದರೆ ಅಳಿಯಂದಿರಿಗೆ ಒತ್ತಾಯ ಬೀಳುತ್ತದೆ, ಮಗುವಿನ ಓಟವೆಲ್ಲ ಕೆರೆ ಏರಿಯ ಮೇಲೇ ಮುಗಿಯುತ್ತದೆ. ಬೇಡ ಅನ್ನುವ ಹಾಗೆ ಮಾಡಿ ಕಳಿಸಬೇಕು ಅನ್ನಿಸಿತು.

ನೀರು ಕೊಟ್ಟೆ. ಬೇಕಂತಲೇ ಮಸಿ ಹಿಡಿದ ಲೋಟದಲ್ಲಿ ಕೊಟ್ಟೆ. ಅವರು ಮೊಮ್ಮಗಳು ಹೇಗೆ ಅಂತ ಶುರುಮಾಡಿದರು, ನಾನು ಬಾಯಿ ಬಿಚ್ಚಿದೆ. ಸೂರ್ಯ ಹುಟ್ಟುವ ಮುಂಚೆ ಎದ್ದು ಕುದುರೆ ಹಾಗೆ ಓಡುತ್ತಾಳೆ ಅಂದೆ. ಒಂದಕ್ಕೆ ಎರಡು ಎದುರು ಮಾತಾಡುತ್ತಾಳೆ ಅಂದೆ. ಒಲೆ ಮುಂದೆ ಕೂತರೆ ರೊಟ್ಟಿ ಸುಟ್ಟು ಕರಕಾಗುತ್ತದೆ ಅಂದೆ. ಜಗಳ ಗಿಗಳ ಏನಾದರೂ ಅಂತ ಕೇಳಿದರು. ಅದಕ್ಕೇ ಕಾಯುತ್ತಿದ್ದವಳ ಹಾಗೆ, ಸೊರಬದ ಬಸ್ಸಿನಲ್ಲಿ ಒಬ್ಬನಿಗೆ ಚಪ್ಪಲಿ ತೆಗೆದು ಹೊಡೆದಿದ್ದಾಳೆ ಅಂದೆ. ಅವರು ಬ್ಯಾಗಿನಿಂದ ಡೈರಿ ತೆಗೆದು ಬರೆದುಕೊಳ್ಳತೊಡಗಿದರು. ಹೆಣ್ಣು ಕೇಳಲು ಬಂದವರು ಬರೆದುಕೊಳ್ಳುವುದನ್ನು ನಾನು ಎಲ್ಲೂ ನೋಡಿರಲಿಲ್ಲ. ಅಂಗಡಿಯವರ ಮನೆ, ಬರೆಯುವ ರೂಢಿ ಇರಬೇಕು ಅಂದುಕೊಂಡು ಇನ್ನೂ ಹುರುಪಿನಿಂದ, “ಇವಳ್ನ ಕರಕೊಂಡು ಹೋದವ್ರು ನೆಮ್ಮದಿಯಾಗಿ ಇರಾಕೆ ಆಗಂಗಿಲ್ಲ ನೋಡ್ರಿ” ಅಂತ ಮುಗಿಸಿದೆ. ಅವರು ಅದನ್ನೂ ಬರೆದುಕೊಂಡು, ನಮಸ್ಕಾರ ಮಾಡಿ ಹೋದರು.

ಗೆದ್ದೆ ಅಂದುಕೊಂಡು ರೊಟ್ಟಿ ಮುಗಿಸಿ ಹೊರಗೆ ಬಂದೆ. ಟೇಲರ್ ಸಾಬರು ಮಷಿನ್ ನಿಲ್ಲಿಸಿ, ಏನಕ್ಕಾ, ಸ್ಟೇಷನ್ನವರು ಏನಂದರು ಅಂತ ಕೇಳಿದರು. ಯಾವ ಸ್ಟೇಷನ್ನವರು ಅಂದೆ.

“ಈಗ ಬಂದಿದ್ರಲ್ಲ. ನಮ್ಮ ಶಿಕಾರಿಪುರ ಸ್ಟೇಷನ್ ಪೊಲೀಸ್ರು. ಮಫ್ತಿಯಾಗೆ ಬಂದಿದ್ರು. ಮಗು ನೌಕರಿ ವಿಚಾರಣೆ. ನಾನಂತೂ ಚಿನ್ನದಂಥ ಮಗು ಅಂತ ಹೇಳೀನಿ. ನೀವೇನ್ ಹೇಳಿದ್ರಿ?”

ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಸಾಬರಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ನಕ್ಕಿದ್ದರೆ ಪರವಾಗಿರಲಿಲ್ಲ, ಟೇಪನ್ನು ಕೊರಳಿಂದ ತೆಗೆದು ಸುತ್ತುತ್ತಾ ಕೂತರು. ಆಮೇಲೆ, ನಾಳೆ ಹೋಗಿ ಖರೆ ಏನೈತಿ ಅದನ್ನ ಹೇಳಿ ಬನ್ನಿ ಅಂದರು. ಅವತ್ತು ಮೊಮ್ಮಗಳು ಕಾಲೇಜಿನಿಂದ ಬಂದು ಅಜ್ಜಿ ಹಸಿವು ಅಂದಾಗ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳ ಕೆಲಸಕ್ಕೆ ಕಲ್ಲು ಹಾಕಿದವರು ಬೇರೆ ಯಾರೂ ಅಲ್ಲ, ನಾನು.

ಮರುದಿನ ಯಜಮಾನರನ್ನು ಕರೆದುಕೊಂಡು ಸ್ಟೇಷನ್ನಿಗೆ ಹೋದೆ. ಗೇಟಿನ ಹತ್ತಿರ ಅವರು, ನೀನು ಹೋಗು, ನಾನು ಸೈಕಲ್ ನೋಡಿಕೊಳ್ಳುತ್ತೇನೆ ಅಂದರು. ಪೊಲೀಸ್ ಸ್ಟೇಷನ್ ಮುಂದೆ ಸೈಕಲ್ ಯಾರು ಕದಿಯುತ್ತಾರೆ? ನಾನೊಬ್ಬಳೇ ಹೋದೆ. ನಿನ್ನೆಯವರು ಖಾಕಿ ಹಾಕಿಕೊಂಡು ಕೂತಿದ್ದರು, ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಕೂರಿಸಿ, ಏನಜ್ಜಿ ಕಂಪ್ಲೇಂಟು ಅಂದರು.

“ನನ್ ಮೇಲೇ ಕಂಪ್ಲೇಂಟು ಕೊಡಾಕ ಬಂದೀನ್ರಿ. ನಿನ್ನೆ ನಾನು ಸುಳ್ಳು ಹೇಳೀನಿ. ಗಂಡಿನ ಕಡೇರು ಅಂದ್ಕೊಂಡೆ.”

ಅವರು ಡೈರಿ ತೆಗೆದು, ಒಂದೊಂದೇ ಓದುತ್ತೇನೆ, ಯಾವುದು ಸುಳ್ಳೋ ಹೇಳಿ ಅಂದರು. ಬೆಳಗ್ಗೆ ಎದ್ದು ಓಡುವುದು? ಅದು ಖರೆ. ಎದುರು ಮಾತಾಡುವುದು? ಅದೂ ಖರೆ. ರೊಟ್ಟಿ? ರೊಟ್ಟಿಯಂತೂ ಖರೆ, ಇವತ್ತು ಬೆಳಗ್ಗೆಯೂ ಸುಟ್ಟಿದ್ದಳು. ಚಪ್ಪಲಿಯಲ್ಲಿ ಹೊಡೆದದ್ದು? ಹೊಡೆದದ್ದು ಖರೆ, ಆದರೆ ಅವನು ಹೈಸ್ಕೂಲಿಗೆ ಹೋಗುವ ಸಣ್ಣ ಹುಡುಗಿಯ ಮೈಮೇಲೆ ಬೀಳುತ್ತಿದ್ದ, ಬಸ್ಸಿನವರೆಲ್ಲ ಕಿಟಕಿ ನೋಡುತ್ತಿದ್ದರು, ಇವಳೊಬ್ಬಳೇ ಎದ್ದದ್ದು, ಆಮೇಲೆ ಕಂಡಕ್ಟರೇ ಅವನನ್ನು ನಡುದಾರಿಯಲ್ಲಿ ಇಳಿಸಿದರು ಅಂದೆ. ಅವರು ಪೆನ್ನು ತೆಗೆದು ಏನೋ ಸೇರಿಸಿದರು.

“ಹಂಗಾರೆ ಅಜ್ಜಿ, ಸುಳ್ಳು ಯಾವ್ದು?”

ನಾನು ಯೋಚನೆ ಮಾಡಿದೆ. “ಕರಕೊಂಡು ಹೋದವ್ರು ನೆಮ್ಮದಿಯಾಗಿ ಇರಂಗಿಲ್ಲ ಅಂದಿದ್ನಲ್ರಿ, ಅದೊಂದೇ ಸುಳ್ಳು. ಅದನ್ನ ಹೊಡದ್ ಹಾಕ್ರಿ.”

ನನ್ನ ಕಣ್ಣೆದುರಿಗೇ ಆ ಸಾಲಿನ ಮೇಲೆ ಗೀಟು ಎಳೆದರು. ಆದರೆ ಹೊಡೆದಾಟದ ವಿಷಯ ಬಿಡಲು ಬರುವುದಿಲ್ಲ, ನಡೆದದ್ದನ್ನು ನಡೆದ ಹಾಗೆ ಬರೆದು ಕಳಿಸುತ್ತೇನೆ, ತೀರ್ಮಾನ ದೊಡ್ಡವರದು ಅಂದರು. ಏಳುವಾಗ ಒಂದು ಲೋಟ ನೀರು ತರಿಸಿ ಕೊಟ್ಟರು. ಕುಡಿದು ಬಂದೆ.

ಅಲ್ಲಿಂದ ದೀಪಾವಳಿಯವರೆಗೆ ನಾನು ಹೇಗಿದ್ದೆ ಅಂತ ಹೇಳಲಾರೆ. ಮೊಮ್ಮಗಳಿಗೆ ಹೇಳಬೇಕು ಅಂತ ದಿನಾ ಬಾಯಿ ತೆರೆಯುವುದು, ಉಪ್ಪು ಸರಿಯಾಗಿದೆಯಾ ಅಂತ ಕೇಳಿ ಮುಚ್ಚುವುದು. ಅವಳು ಲಿಸ್ಟಿನಲ್ಲಿ ನಂಬರ್ ಬಂದಿದ್ದರೂ ಓಡುವುದನ್ನು ಬಿಡಲಿಲ್ಲ. ನಾನು ಗಡಿಯಾರ ಹಿಡಿದು ಕೂರುವುದನ್ನೂ ಬಿಡಲಿಲ್ಲ. ಪೋಸ್ಟಿನವರ ಸೈಕಲ್ ಗಂಟೆ ಕೇಳಿದರೆ ಕಿಟಕಿಗೆ ಓಡುತ್ತಿದ್ದೆ. ಹಬ್ಬಕ್ಕೆ ಆರು ದಿನ ಇದೆ ಅನ್ನುವಾಗ ಆ ಗಂಟೆ ನಮ್ಮ ಬಾಗಿಲಲ್ಲೇ ನಿಂತಿತು.

ಮೊಮ್ಮಗಳು ಒದ್ದೆ ತಲೆಯಲ್ಲೇ ಬಂದು ಓದಿದಳು. ಇಂಗ್ಲಿಷಿನಲ್ಲಿ ಇದ್ದದ್ದನ್ನು ಕನ್ನಡದಲ್ಲಿ ಹೇಳಿದಳು, ಮತ್ತೊಮ್ಮೆ ಹೇಳು ಅಂದೆ, ಮತ್ತೊಮ್ಮೆ ಹೇಳಿದಳು. ಎಸ್ಟಿಡಿ ಬೂತಿಗೆ ಓಡಿಹೋಗಿ ಉಳವಿಯ ಅಂಗಡಿಗೆ ಫೋನ್ ಮಾಡಿದಳು. ನಾನು ಬೇಳೆ ಬೇಯಲು ಇಟ್ಟೆ. ನಾಲ್ಕು ಗಂಟೆಯ ಬಸ್ಸಿಗೆ ಮಗಳೂ ಅಳಿಯಂದಿರೂ ಇಳಿದರು. ಮಗಳು ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಅತ್ತಳು. ಅಳಿಯಂದಿರು ಆರ್ಡರನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೀಲನ್ನೂ ಬಿಡದೆ ನೋಡಿ, ಮಡಚಿ ಅವಳ ಕೈಗೇ ಕೊಟ್ಟರು. ಆನವಟ್ಟಿಯವರಿಗೆ ನಾಳೆ ನಾನೇ ಹೋಗಿ ಹೇಳಿ ಬರುತ್ತೇನೆ ಅಂದರು.

ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತರು. ಸಾಬರನ್ನೂ ಕರೆದು ಕೂರಿಸಿದೆವು. ಬಡಿಸುವ ಮುಂಚೆ ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನೀರಿನ ಲೋಟದಿಂದ ಹಿಡಿದು ಗೀಟು ಎಳೆದದ್ದರವರೆಗೆ. ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ನಗು ತಡೆಯಲಾಗದೆ ತನಗೆ ಸೆರಗಿಲ್ಲದ್ದಕ್ಕೆ ನನ್ನ ಸೆರಗನ್ನು ಎಳೆದು ಬಾಯಿ ಮುಚ್ಚಿಕೊಂಡಳು.

ಅಳಿಯಂದಿರು ತಲೆ ತಗ್ಗಿಸಿಕೊಂಡು, ಸೊರಬ ಸ್ಟೇಷನ್ನಿನವರು ಉಳವಿಗೂ ಬಂದಿದ್ದರು ಅಂದರು. ಅದು ನಮಗೆ ಯಾರಿಗೂ ಗೊತ್ತಿರಲಿಲ್ಲ. ನನ್ನ ಮಗಳಿಗೂ ಅವರು ಹೇಳಿರಲಿಲ್ಲ.

“ನಿಮ್ಮ ಒಪ್ಪಿಗೆ ಇದ್ಯಾ ಅಂತ ಕೇಳಿದ್ರು ಅತ್ತೆ. ನನಗೆ ಮನಸ್ಸಿಲ್ಲ ಅಂದೆ. ಆದ್ರೆ ಅವಳು ಯಾರಿಗೂ ಹೆದರೋಳಲ್ಲ, ಸುಳ್ಳು ಹೇಳೋಳಲ್ಲ, ಬರ್ಕೊಳಿ ಅಂದೆ. ಬಸ್ಸಿನ ಕತೆನೂ ನಾನೇ ಹೇಳ್ದೆ.”

ಎರಡು ಊರಿನಿಂದ ಒಂದೇ ಮಾತು ಹೋಗಿತ್ತು. ನಮ್ಮ ಯಜಮಾನರು, ಒಪ್ಪದ ಅಪ್ಪ ಹೊಗಳಿದಾನೆ, ಒಪ್ಪಿದ ಅಜ್ಜಿ ಬೈದಾಳೆ, ಇಷ್ಟಾದರೂ ಕೆಲಸ ಕೊಟ್ಟರಲ್ಲ, ಸರ್ಕಾರದ್ದು ದೊಡ್ಡ ಮನಸ್ಸು ಅಂದರು. ಸಾಬರು ಉಕ್ಕಿ ಬಂದ ನಗುವಿಗೆ ನೀರು ಕುಡಿದು ಕೆಮ್ಮಿದರು.

ನಾನು ಹೋಳಿಗೆ ಬಡಿಸಿದೆ, ಮಗಳು ಎಣ್ಣೆಗಾಯಿ ತಂದಳು. ಅಳಿಯಂದಿರು ಊಟದ ಮಧ್ಯೆ ಎದ್ದು, ಎಂದೂ ಬಡಿಸದವರು, ತುಪ್ಪದ ಗಿಂಡಿ ಹಿಡಿದು ಮೊಮ್ಮಗಳ ಎಲೆಯ ಮುಂದೆ ಬಗ್ಗಿದರು. ಅವಳು ಸಾಕಪ್ಪ ಅಂತ ಕೈ ಅಡ್ಡ ಹಿಡಿದಳು. ಅವರು ಕೇಳಲಿಲ್ಲ, ಬೆರಳ ಸಂದಿಯಲ್ಲೇ ಸುರಿದರು. ಅವಳು ಬೆರಳು ನೆಕ್ಕಿಕೊಂಡು ಇನ್ನೊಂದು ಹೋಳಿಗೆ ಕೇಳಿದಳು. ಆಮೇಲೆ ಮಗಳು ನನ್ನ ಕೈಯಿಂದ ಹೋಳಿಗೆ ತಟ್ಟೆ ಕಿತ್ತುಕೊಂಡು ನನ್ನನ್ನೂ ಮೊಮ್ಮಗಳ ಪಕ್ಕಕ್ಕೆ ಕೂರಿಸಿದಳು. ಎಲ್ಲರೂ ಕಟ್ಟಿನ ಸಾರಿಗೆ ಅನ್ನ ಕಲಸುತ್ತಿದ್ದರು. ನನಗೂ ಬಹಳ ಹಸಿವಾಗಿತ್ತು, ಉಂಡೆ.