ನೀರಿಗೆ ಕೆಡದ ಫೋನು

ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದಾಕೆ ಲೈನ್‌ಮ್ಯಾನ್ ಒಬ್ಬನ ಹೆಂಡತಿ. ಮೋಡ ಕವಿದರೆ ಸಾಕು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಮ್ಮ ಬಾಗಿಲಿಗೆ ಬಂದುಬಿಡುತ್ತಿದ್ದಳು.

"ನಮ್ಮೋರ ಫೋನ್ ಸಿಗ್ತಾ ಇಲ್ಲ ಕಣಮ್ಮ."

ಸ್ವಲ್ಪ ಹೊತ್ತಿಗೆ ತಾನೇ, "ನೆಂದು ಕೆಟ್ಟೋಗಿರ್ಬೇಕು ಬುಡು" ಎಂದುಕೊಂಡು ಅನ್ನಕ್ಕಿಡಲು ಹೋಗುತ್ತಿದ್ದಳು.

ಒಂದು ಸಲ ನೀರಿಗೆ ಕೆಡದ, ಬಿದ್ದರೂ ಒಡೆಯದ ದಪ್ಪನೆಯ ಫೋನು ತಂದಳು. ಗಂಡನಿಗೆ ಕೊಡುವ ಮುಂಚೆ ಅದನ್ನು ಬಕೆಟ್ಟಿನಲ್ಲಿ ಮುಳುಗಿಸಿ ತೆಗೆದಳು, ಜಗಲಿಯಿಂದ ಕಲ್ಲುಚಪ್ಪಡಿಗೆ ಬೀಳಿಸಿದಳು. ಪ್ರತಿಸಲವೂ ನನ್ನಿಂದ ರಿಂಗ್ ಕೊಡಿಸಿದಳು. ಫೋನು ಗಂಟಲು ಹರಿಯುವಂತೆ ಕೂಗಿತು. ಅವಳು ಬಾಯಿತುಂಬ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ಕೆಲವೇ ದಿನಕ್ಕೆ, ಗಂಡ ಕೆಲಸಕ್ಕೆ ಹೋಗಿದ್ದ ಬಡವನಹಳ್ಳಿ ಕಡೆ ಗಾಳಿಮಳೆ ಬಂತು. ರಿಂಗ್ ಆಗುತ್ತಲೇ ಇತ್ತು, ಅವನು ಎತ್ತಲಿಲ್ಲ. ಅವಳು ನಮ್ಮ ಜಗಲಿಯ ಮೇಲೆ ಕುಸಿದು ಕುಳಿತಳು. ಒಲೆಯ ನೆನಪೇ ಆಗಲಿಲ್ಲ.

ಸಂಜೆ ಅವನು ತೊಯ್ದುಕೊಂಡು ಬಂದ.

"ಕಂಬದ ಮೇಲಿದ್ದೆ ಕಣೇ, ಹೆಂಗೆ ಎತ್ಲಿ?"

ಅವಳು ತನ್ನ ಮನೆಯೊಳಗೆ ಹೋಗಿ, ಹಳೆಯ ಫೋನು ತಂದು ಅವನ ಕೈಗಿಟ್ಟು ಹೊಸದನ್ನು ಕಿತ್ತುಕೊಂಡಳು. ಆಮೇಲೆ ನನ್ನತ್ತ ತಿರುಗಿದಳು.

"ಹಳೇದಾದ್ರೆ ಫೋನ್ ಸತ್ತೈತೆ ಅಂದ್ಕೋಬೋದಿತ್ತು ಕಣಮ್ಮ."