ಅಟ್ಟದ ತೊಲೆಗಳು, ಅತ್ತೆಯ ಹಾಸಿಗೆ

ಹೊನ್ನಾಳಿಯಲ್ಲಿ ನಾದಿನಿಯ ಹಳೆಯ ಮನೆ ಬಿಚ್ಚಿದಾಗ ಸಿಕ್ಕ ತೊಲೆಗಳಲ್ಲಿ ಹನ್ನೆರಡನ್ನು ನಮ್ಮ ಯಜಮಾನರು ಜಗಳೂರಿಗೆ ಹೇರಿಕೊಂಡು ಬಂದರು. ಅದಕ್ಕೂ ಮೊದಲು ನ್ಯಾಮತಿಯ ಸಾಮಿಲ್‌ಗೆ ಸುತ್ತುಹಾಕಿ ಎಲ್ಲವನ್ನೂ ಒಂದೇ ಅಳತೆಗೆ ಕೊಯ್ಯಿಸಿದ್ದರು. ನಡುಮನೆಗೆ ಅಟ್ಟ ಹಾಕಿ ಶೇಂಗಾ ಚೀಲ ಒಟ್ಟಬೇಕೆಂಬುದು ಅವರ ಆಸೆ. ಆ ಅಟ್ಟದ ಕೆಳಗೇ ನಮ್ಮತ್ತೆಯ ಹಾಸಿಗೆ. ಮಲಗಿದಲ್ಲಿಂದಲೇ ದೇವರ ಗೂಡು ಕಾಣುತ್ತದೆಂದು ಅವರು ಆ ಜಾಗ ಬಿಟ್ಟು ಕದಲುವವರಲ್ಲ.

"ತೊಲೆ ಗಟ್ಟಿ ಅದಾವೇನಪ್ಪಾ?" ಎಂದು ಅತ್ತೆ ಮಗನನ್ನು ಕೇಳಿದರು.

"ಒಂದೇ ಮನೇವು, ಒಂದೇ ಜಾತಿ ಮರ. ಎಲ್ಲಾ ಒಂದೇ ಕಣವ್ವ."

"ನೀನೂ ನಿನ್ನ ತಮ್ಮನೂ ಒಂದೇ ಹೊಟ್ಟೇಲಿ ಹುಟ್ಟಿದೋರು. ಒಂದೇ ಥರ ಅದೀರೇನು?"

ನಮ್ಮವರು ತೊಲೆಗಳತ್ತ ತಿರುಗಿ ಮತ್ತೊಮ್ಮೆ ಎಣಿಸತೊಡಗಿದರು.

ಆ ಹೊತ್ತಿಗೆ ನಾದಿನಿಯ ಮಗಳು ರಜೆಗೆ ಬಂದದ್ದು ಶಿವನ ದಯೆ. ಮರದ ಬಲ ಒಂದರಿಂದ ಒಂದಕ್ಕೆ ಎಷ್ಟು ಹೆಚ್ಚುಕಡಿಮೆ ಎಂದು ಲೆಕ್ಕ ಹಾಕುವುದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳ ಓದು. ಅಂಗಳದಲ್ಲಿ ಎರಡು ಕಲ್ಲುಗಳ ಮೇಲೆ ಒಂದೊಂದೇ ತೊಲೆ ಇಟ್ಟು, ನಡುವೆ ಮರಳಿನ ಚೀಲ ತೂಗಿಬಿಟ್ಟು, ಎಷ್ಟು ಬಾಗಿತೆಂದು ದಾರ ಎಳೆದು ಅಳೆದಳು. ಗಂಟಿಲ್ಲದ ನುಣುಪಾದ ತೊಲೆಯೊಂದು ಮಿಸುಕಲೇ ಇಲ್ಲ. ನಮ್ಮವರು ಅದನ್ನು ಕರುವಿನ ಬೆನ್ನು ಸವರಿದಂತೆ ಸವರಿದರು.

"ಇದು ಬಾಗದಷ್ಟು ಬಿಗಿ ಐತೆ ಅಂತ ಮಾತ್ರ ಗೊತ್ತಾಗಿದ್ದು ಮಾವ," ಎಂದಳು ಅವಳು. "ಬಿಗಿ ಇರೋದು ಬಹಳ ಸಲ ಬಲವಾಗೂ ಇರ್ತೈತೆ, ಪ್ರತಿ ಸಲ ಅಲ್ಲ. ಬಲ ತಿಳಿಯಾಕೆ ಮೂರನ್ನಾದ್ರೂ ಮುರೀಬೇಕು."

"ಮುರಿದ ಮ್ಯಾಲೆ ಗಟ್ಟಿ ಇತ್ತು ಅಂತ ಗೊತ್ತಾದ್ರೆ ಏನ್ ಮಾಡ್ಲಿ, ಒಲೆಗೆ ಹಾಕ್ಲಾ?"

ಆದರೂ ತಾಯಿಯ ಮುಖ ನೋಡಿ ಒಪ್ಪಿದರು. ಒಪ್ಪಿದವರು ಸೀಳು ಬಿಟ್ಟ, ಹುಳ ತಿಂದ ಮೂರನ್ನೇ ಎಳೆದು ತಂದರು. ದಾನಕ್ಕೆ ಹರಿದ ಪಂಚೆ ಹುಡುಕುವ ಕೈ ಅದು.

"ಕೆಟ್ಟವನ್ನೇ ಆರಿಸಿ ಕೊಟ್ರೆ ಉಳಿದವುಗಳ ಗುಣ ಹೆಂಗೆ ತಿಳೀತೈತೆ ಮಾವ? ಕಣ್ಣು ಮುಚ್ಚಿ ಆರಿಸ್ಬೇಕು."

ಕಣ್ಣು ಮುಚ್ಚಿ ಆರಿಸುವುದು ನಮಗೇನು ಹೊಸದೇ? ದೇವರ ಮುಂದೆ ಚೀಟಿ ಹಾಕಿದೆವು. ನುಣುಪಾದದ್ದು ಬರದಿರಲಪ್ಪ ಎಂದು ಬೇಡಿಕೊಂಡೇ ನಾನು ಎತ್ತಿದೆ. ಮೊದಲು ಬಂದದ್ದೇ ಅದು. ನಮ್ಮವರು ನನ್ನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

ಚೀಲದ ಮೇಲೆ ಚೀಲ ಏರಿತು. ತೊಲೆ ಬಾಗಲಿಲ್ಲ, ಬಳುಕಲಿಲ್ಲ. ಒಮ್ಮೆಲೇ ಪಟಾರನೆ ಎರಡಾಯಿತು. ಒಳಗೆ ಯಾವ ಕಾಲದ್ದೋ ಮೊಳೆ. ಅದರ ಸುತ್ತ ಮರ ಕಪ್ಪಗೆ ಕೊಳೆತಿತ್ತು. ಚೀಟಿಯಲ್ಲಿ ಬಂದ ಇನ್ನೆರಡು ಗಂಟುಗಂಟಾದ ಕುರೂಪಿಗಳು ಕುಯ್ಯೋ ಮರ್ರೋ ಎಂದು ಬಾಗುತ್ತಲೇ ಬಹಳ ಹೊತ್ತು ತಾಳಿದವು.

ಕಾಲೇಜಿನಲ್ಲಿ ಮುರಿದಿದ್ದ ಇಂಥವೇ ಮರಗಳ ಲೆಕ್ಕವನ್ನೂ ಕೂಡಿಸಿಕೊಂಡು ಹುಡುಗಿ ಹೇಳಿದಳು: "ಉಳಿದವರಲ್ಲಿ ಕಳ್ಳ ಯಾರು ಅಂತ ಹೇಳಾಕಾಗಲ್ಲ. ಆದ್ರೆ ನೂರು ತೊಲೇಲಿ ಐದು ಇಷ್ಟು ಕಡಿಮೆ ಭಾರಕ್ಕೇ ಸೋಲಬಹುದು ಅಂತ ಹೇಳಬಹುದು. ಸರಾಸರಿ ನೋಡಿ ಭಾರ ಹಾಕ್ಬಾರ್ದು, ಸೋಲೋದನ್ನ ನೋಡಿ ಹಾಕ್ಬೇಕು."

ನನಗೆ ಇದು ಕೂಡಲೇ ಅರ್ಥವಾಯಿತು. ಚನ್ನಗಿರಿಯ ತವರಿನಲ್ಲಿ ನಮ್ಮವ್ವ ಸಾರಿಗೆ ಖಾರ ಹಾಕುತ್ತಿದ್ದುದೂ ಎಲ್ಲರ ನಾಲಿಗೆ ನೋಡಿ ಅಲ್ಲ, ಅಲ್ಸರ್ ಇದ್ದ ದೊಡ್ಡಪ್ಪನ ಹೊಟ್ಟೆ ನೋಡಿ.

ಆ ಲೆಕ್ಕದಂತೆಯೇ ಅಟ್ಟ ಎದ್ದಿತು. ಗೋಡೆಯ ಪಕ್ಕಕ್ಕೆ ಒಂದು ಸಾಲು ಶೇಂಗಾ ಚೀಲ. ನಡುವೆ, ಅತ್ತೆಯ ತಲೆಯ ನೇರಕ್ಕೆ, ಬರೀ ಮಂಡಕ್ಕಿ.

ಮೊನ್ನೆ ನಮ್ಮವರಿಗೆ ತಡೆಯಲಾಗಲಿಲ್ಲ. ಶೇಂಗಾ ಚೀಲ ಹೊತ್ತು ಏಣಿ ಹತ್ತಿದರು. "ಒಂದೇ ಒಂದು ಕಣವ್ವ, ನಡುವೆ ಇಡ್ತೀನಿ."

ಕೌದಿಯೊಳಗಿಂದ ಅತ್ತೆ ಹೇಳಿದರು: "ಇಡಪ್ಪ, ಧಾರಾಳವಾಗಿ ಇಡು. ಇಟ್ಟು ಬಂದು ಇಲ್ಲಿ ನೀನು ಮಲಕ್ಕ. ನಾನು ನಿನ್ನ ಮಂಚದ ಮ್ಯಾಲೆ ಮಲಗ್ತೀನಿ."

ಅವರು ಏಣಿಯ ಮೇಲೆ ನಿಂತೇ ತೊಲೆಗಳನ್ನು ಒಂದೊಂದಾಗಿ ದಿಟ್ಟಿಸಿದರು. ಆಮೇಲೆ ಚೀಲ ಹೊತ್ತುಕೊಂಡೇ ಇಳಿದರು. ಆ ದಿನಕ್ಕೆ ಅಷ್ಟು ಸಾಕೆಂದು ನಾನು ಶಿವನಿಗೆ ಕೈಮುಗಿದೆ.